ಯೂಟ್ಯೂಬ್ ಓಡುತ್ತದೆ, ಪಿಂಗ್ ಹೋಗುತ್ತದೆ, ಬ್ಯಾಂಕಿನ ಪುಟ ಮಾತ್ರ ತೆರೆಯುವುದಿಲ್ಲ. ಯಾಕೆ?

ಜಗಲಿಕಟ್ಟೆ · ಸೋಮವಾರ ರಾತ್ರಿ 8:10

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಸನಗರದಿಂದ ಒಳಗೆ, ಟಾರು ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರ್. ಹೋದ ತಿಂಗಳು ಫೈಬರ್ ಬಂತು. ಇಷ್ಟು ದಿನ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿ ಆಫೀಸಿನ ಕಾಲ್ ಮುಗಿಸುತ್ತಿದ್ದೆ. ಈಗ ಜಗಲಿಯಲ್ಲೇ ಕೂತು ಕೆಲಸ ಮಾಡುವ ಹಾಗೆ ಆಗಿದೆ. ಹಾಗಾಗಿ ಈ ತೊಂದರೆಯನ್ನು ಹೇಗಾದರೂ ಬಿಡಿಸಿಕೊಳ್ಳಲೇಬೇಕು.

ವಾಟ್ಸಾಪ್ ಸರಿ ಇದೆ. ಯೂಟ್ಯೂಬ್ ನಿಲ್ಲದೆ ಓಡುತ್ತದೆ. ಪಿಂಗ್ ಮಾಡಿದರೆ, ಅಂದರೆ ಆ ಕಡೆಗೆ ಒಂದು ಚಿಕ್ಕ ಸಂದೇಶ ಕಳಿಸಿ ನೋಡಿದರೆ, ಒಂದೂ ತಪ್ಪದೆ ಉತ್ತರ ಬರುತ್ತದೆ. ಆದರೆ ಅಪ್ಪನ ಬ್ಯಾಂಕಿನ ಪುಟ, ನನ್ನ ಆಫೀಸಿನ ಒಂದು ಪುಟ, ಇನ್ನೂ ಎರಡು ಮೂರು ಕಡೆ ಚಕ್ರ ತಿರುಗುತ್ತಲೇ ಇರುತ್ತದೆ. ತಪ್ಪು ಅಂತಲೂ ಹೇಳುವುದಿಲ್ಲ, ತೆರೆಯುವುದೂ ಇಲ್ಲ. ಅದೇ ಲ್ಯಾಪ್‌ಟಾಪಿಗೆ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟರೆ ಅದೇ ಪುಟ ತಕ್ಷಣ ತೆರೆಯುತ್ತದೆ.

ಇಂಟರ್ನೆಟ್ ಅಂದರೆ ಒಂದೋ ಇರುತ್ತದೆ, ಇಲ್ಲವೋ ಇರುವುದಿಲ್ಲ ಅಂದುಕೊಂಡಿದ್ದೆ. ಹೀಗೆ ಅರ್ಧಂಬರ್ಧ ಇರುವುದು ಹೇಗೆ?

ಮಳೆಹುಳ · 8:14

ರೂಟರ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್ ಮಾಡಿ.

ಭದ್ರಾದಂಡೆ · 8:21

ಇದು ಡಿಎನ್‌ಎಸ್ ತೊಂದರೆ. ಗೂಗಲ್ ಕೊಡುವ 8.8.8.8 ಹಾಕಿ, ಸರಿಹೋಗುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ಜಗಲಿಕಟ್ಟೆ · 8:30

ಎರಡೂ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ. ಬ್ಯಾಂಕಿನ ಹೆಸರು ಕೊಟ್ಟು ಹುಡುಕಿದರೆ ನಂಬರ್ ಸರಿಯಾಗಿಯೇ ಬರುತ್ತಿದೆ.

ತುಂಗಾತೀರ · 8:33

ಹಾಗಿದ್ದರೆ ಡಿಎನ್‌ಎಸ್ ಅಲ್ಲ ಬಿಡಿ. ಡಿಎನ್‌ಎಸ್ ಕೆಲಸ ಹೆಸರಿಗೆ ವಿಳಾಸ ಹುಡುಕಿ ಕೊಡುವುದು, ಅಷ್ಟೇ. ವಿಳಾಸ ಸಿಕ್ಕಿದ ಮೇಲೆ ಅದು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಎಲ್ಲದಕ್ಕೂ 8.8.8.8 ಅನ್ನುವುದು ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಕೊಟ್ಟ ಹಾಗೆ.

ಭದ್ರಾದಂಡೆ · 8:35

ನಮ್ಮಲ್ಲಿ ಸರಿಹೋಗಿದ್ದು ನಿಜ ಸರ್. ಅದಕ್ಕೇ ಹೇಳಿದೆ.

ಕಂಬಹತ್ತುವವ · 8:52

ನಾನು ತೀರ್ಥಹಳ್ಳಿ ಕಡೆ ಫೈಬರ್ ಕೆಲಸ ಮಾಡುವವನು. ಯಾರೂ ದೀಪದ ಬಗ್ಗೆ ಕೇಳಲೇ ಇಲ್ಲ! ಮೊದಲು ಕೆಳಗಿನಿಂದ ನೋಡಬೇಕು. ಗೋಡೆಯ ಮೇಲಿರುವ ಬಿಳಿ ಡಬ್ಬದಲ್ಲಿ ಎಲ್‌ಒಎಸ್ ಅಂತ ಒಂದು ದೀಪ ಇದೆ, ಅದು ಕೆಂಪಗೆ ಮಿನುಗುತ್ತಿದೆಯಾ? ಮಿನುಗಿದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಆಮೇಲೆ ಡಬ್ಬದ ಪುಟಕ್ಕೆ ಹೋಗಿ ರಿಸೀವ್ ಪವರ್, ಅಂದರೆ ಬರುವ ಬೆಳಕಿನ ಬಲ, ಎಷ್ಟಿದೆ ನೋಡಿ. ಮೈನಸ್ 27 ಡಿಬಿಎಂಗಿಂತ ಕೆಳಗೆ ಹೋದರೆ ಡಬ್ಬಕ್ಕೆ ಬೆಳಕು ಸಾಲುವುದಿಲ್ಲ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನಾಗಿದೆ.

ಮಳೆಗಾಲದಲ್ಲಿ ನಮಗೆ ಬರುವ ಕಂಪ್ಲೇಂಟ್ ಜಾಸ್ತಿ ಇದೇ ಜಾಗದಲ್ಲಿ. ಅಡಿಕೆ ಮರ ಬಿದ್ದು ಕೇಬಲ್ ಎಳೆದಿರುತ್ತದೆ, ಮಂಗ ಜೋತಾಡಿರುತ್ತದೆ, ಇಲ್ಲವೇ ಮನೆಯವರೇ ಚೆಂದ ಕಾಣಲಿ ಅಂತ ವೈರನ್ನು ಮೊಳೆಗೆ ಬಿಗಿಯಾಗಿ ಸುತ್ತಿರುತ್ತಾರೆ. ಫೈಬರ್ ಜಾಸ್ತಿ ಬಗ್ಗಿದರೆ ಬೆಳಕು ಆ ಬಾಗಿದ ಜಾಗದಲ್ಲೇ ಸೋರಿಹೋಗುತ್ತದೆ. ಇನ್ನೊಂದು ಮಾತು, ದಯವಿಟ್ಟು ಯಾರೂ ತುದಿ ಬಿಚ್ಚಿ ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಬರುವುದು 1490 ನ್ಯಾನೋಮೀಟರ್ ಬೆಳಕು, ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ.

ಜಗಲಿಕಟ್ಟೆ · 9:03

ಕೆಂಪು ದೀಪ ಇಲ್ಲ ಅಣ್ಣ. ಪವರ್ ಮೈನಸ್ 21.4 ತೋರಿಸುತ್ತಿದೆ.

ಕಂಬಹತ್ತುವವ · 9:05

ಹಾಗಾದರೆ ನಮ್ಮ ಕೆಲಸ ಸರಿ ಇದೆ. ತೊಂದರೆ ಇರುವುದು ಇನ್ನೂ ಮೇಲೆ.

ಹೊಳೆಬಾಗಿಲು · 9:40

"ಕೆಳಗಿನಿಂದ ನೋಡಬೇಕು" ಅಂತ ಅಣ್ಣ ಹೇಳಿದರಲ್ಲ, ಇಡೀ ವಿಷಯದ ತಿರುಳು ಅದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ತುಮರಿ ಕಡೆಯವಳು, ನೆಟ್‌ವರ್ಕ್ ಕೆಲಸ ಮಾಡಿ ಹದಿನೈದು ವರ್ಷ ಆಯಿತು. ನೆಟ್‌ವರ್ಕಿನ ಕೆಲಸವನ್ನು ಒಂದರ ಮೇಲೊಂದು ಪದರವಾಗಿ ಹಂಚಿರುತ್ತಾರೆ. ನನಗೆ ಈ ಪದರಗಳ ಲೆಕ್ಕ ತಲೆಗೆ ಹೋಗಿದ್ದು ಪುಸ್ತಕದಿಂದಲ್ಲ, ನಮ್ಮ ಲಾಂಚಿನಿಂದ.

ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿ ಹಿನ್ನೀರು ನಮ್ಮ ಕಡೆಯ ಊರುಗಳನ್ನು ಸಾಗರ ಪಟ್ಟಣದಿಂದ ಕತ್ತರಿಸಿಬಿಟ್ಟಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚಿನಲ್ಲೇ ದಾಟಬೇಕಿತ್ತು. ಸಾಗರದಿಂದ ಬಂದ ಬಸ್ಸು ಜನರನ್ನು ಇಳಿಸದೆ ಹಾಗೇ ಲಾಂಚಿನ ಮೇಲೆ ಹತ್ತುತ್ತಿತ್ತು. ಲಾಂಚು ಆಚೆ ದಡ ಮುಟ್ಟಿದ ಮೇಲೆ ಬಸ್ಸು ಇಳಿದು ಮತ್ತೆ ರಸ್ತೆ ಹಿಡಿಯುತ್ತಿತ್ತು.

ಇಲ್ಲಿ ಯಾರಿಗೆ ಏನು ಗೊತ್ತು ನೋಡಿ. ಬಸ್ಸಿನೊಳಗೆ ಕೂತ ಅಜ್ಜಿಗೆ ಲಾಂಚಿನ ಎಂಜಿನ್ ಬಗ್ಗೆ ಗೊತ್ತಿಲ್ಲ. ಲಾಂಚ್ ನಡೆಸುವವನಿಗೆ ಅಜ್ಜಿ ಯಾರ ಮನೆಗೆ ಹೊರಟಿದ್ದಾಳೆ ಅನ್ನುವುದು ಬೇಕಾಗಿಲ್ಲ. ಬಸ್ಸಿಗೆ ಬೇಕಾದ್ದು ಬೋರ್ಡಿನ ಮೇಲಿನ ಊರಿನ ಹೆಸರು. ಕಂಪ್ಯೂಟರುಗಳು ಮಾತಾಡುವುದೂ ಹೀಗೇ. ಒಳಗೆ ಕೂತಿರುವುದು ನಿಮ್ಮ ಮಾಹಿತಿ. ಬಸ್ಸು ಅಂದರೆ ಐಪಿ ಪ್ಯಾಕೆಟ್, ಬೋರ್ಡು ಅಂದರೆ ಐಪಿ ವಿಳಾಸ. ರಸ್ತೆ, ಲಾಂಚು ಅಂದರೆ ವೈಫೈ, ಈಥರ್ನೆಟ್, ಫೈಬರ್. ಪ್ಯಾಕೆಟ್ ನಿಮ್ಮ ಜಗಲಿಯಲ್ಲಿ ವೈಫೈ ಮೇಲೆ ಹೋಗುತ್ತದೆ, ಗೋಡೆಯ ಡಬ್ಬದಿಂದ ಬೆಳಕಿನ ಮೇಲೆ ಹೋಗುತ್ತದೆ, ಮುಂದೆ ಇನ್ನೇನೋ ಒಂದರ ಮೇಲೆ ಹೋಗುತ್ತದೆ. ಒಳಗಿನದು ಮಾತ್ರ ಅದೇ.

ಇದರ ಬೆಲೆ ಗೊತ್ತಾಗಿದ್ದು 2025ರ ಜುಲೈ 14ರಂದು, ಸಿಗಂದೂರು ಸೇತುವೆ ತೆರೆದ ದಿನ. ಲಾಂಚಿನ ಜಾಗಕ್ಕೆ ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ ಬಂತು. ಬಸ್ಸು ಬದಲಾಯಿಸಬೇಕಾಯಿತಾ? ಬೋರ್ಡು ಬದಲಾಯಿಸಬೇಕಾಯಿತಾ? ಅಜ್ಜಿ ಟಿಕೆಟ್ ತೆಗೆಯುವುದನ್ನು ಹೊಸದಾಗಿ ಕಲಿಯಬೇಕಾಯಿತಾ? ಕೆಳಗಿನ ಒಂದು ಪದರವನ್ನು ತೆಗೆದು ಇನ್ನೊಂದನ್ನು ಇಟ್ಟರು, ಮೇಲಿನದೆಲ್ಲ ಇದ್ದ ಹಾಗೇ ಇತ್ತು. ಗುಡ್ಡದ ಮೇಲಿನ ಮೊಬೈಲಿನಿಂದ ನೀವು ಫೈಬರಿಗೆ ಬಂದಾಗ ವಾಟ್ಸಾಪನ್ನು ಹೊಸದಾಗಿ ಬರೆಯಬೇಕಾಗಲಿಲ್ಲ, ಅಲ್ವಾ?

ಮಳೆಹುಳ · 9:48

ಅಕ್ಕ, ಇದನ್ನು ನನ್ನ ಕಾಲೇಜಿನಲ್ಲಿ ಯಾರೂ ಹೀಗೆ ಹೇಳಲಿಲ್ಲ.

ಕಪ್ಪುಹಲಗೆ · 10:15

ನಾನು ನಿವೃತ್ತ ಮೇಷ್ಟ್ರು, ಪಾಲಿಟೆಕ್ನಿಕ್‌ನಲ್ಲಿ ಈ ವಿಷಯ ಕಲಿಸುತ್ತಿದ್ದೆ. ಹೋಲಿಕೆ ಬಹಳ ಚೆನ್ನಾಗಿದೆ ತಂಗಿ, ಆದರೆ ಒಂದು ತಿದ್ದುಪಡಿ. ಬಸ್ಸು ಪೂರ್ತಿ "ಇದ್ದ ಹಾಗೇ" ಹೋಗುವುದಿಲ್ಲ. ಪ್ರತಿ ರೂಟರ್ ದಾಟುವಾಗಲೂ ಐಪಿ ಪ್ಯಾಕೆಟ್ಟಿನ ತಲೆಬರಹದಲ್ಲಿ ಟಿಟಿಎಲ್ ಅನ್ನುವ ಅಂಕಿ ಒಂದೊಂದು ಕಡಿಮೆ ಆಗುತ್ತದೆ. ಸೊನ್ನೆ ಆದರೆ ಪ್ಯಾಕೆಟ್ಟನ್ನು ಅಲ್ಲೇ ಬಿಸಾಡುತ್ತಾರೆ. ದಾರಿ ತಪ್ಪಿ ಸುತ್ತುವ ಬಸ್ಸು ಜೀವಮಾನವಿಡೀ ಸುತ್ತುತ್ತಾ ರಸ್ತೆ ತುಂಬಬಾರದು ಅಂತ ಈ ವ್ಯವಸ್ಥೆ.

ಇನ್ನೊಂದು, ಬರೀ ಬಸ್ಸು ಇದ್ದರೆ ಸಾಲದು. ಐಪಿ "ಕಳಿಸಿದ್ದೇನೆ" ಅನ್ನುತ್ತದೆಯೇ ಹೊರತು "ತಲುಪಿತು" ಅನ್ನುವುದಿಲ್ಲ. ತಲುಪಿತೋ ಇಲ್ಲವೋ ನೋಡಿಕೊಳ್ಳುವುದು ಅದರ ಮೇಲಿನ ಟಿಸಿಪಿ.

ಹೊಳೆಬಾಗಿಲು · 10:22

ಒಪ್ಪಿದೆ ಸರ್. ಟಿಸಿಪಿಗೂ ನಮ್ಮೂರಿನದೇ ಹೋಲಿಕೆ ಇದೆ. ದಿಬ್ಬಣ. ಒಂದೇ ಬಸ್ಸಿನಲ್ಲಿ ಹಿಡಿಯುವುದಿಲ್ಲ, ನಾಲ್ಕು ಬಸ್ಸು ಮಾಡುತ್ತೀರಿ, ನಂಬರ್ ಹಾಕುತ್ತೀರಿ. ಮದುವೆ ಮನೆಯ ಬಾಗಿಲಲ್ಲಿ ಒಬ್ಬರು ನಿಂತು ಒಂದು ಬಂತು, ಎರಡು ಬಂತು, ನಾಲ್ಕು ಬಂತು, ಮೂರು ಎಲ್ಲಿ ಅಂತ ಲೆಕ್ಕ ಹಾಕುತ್ತಾರೆ. ಬರದಿದ್ದರೆ ಹೊರಟ ಮನೆಗೆ ಫೋನ್ ಹೋಗುತ್ತದೆ. ಈ ಲೆಕ್ಕ ಎರಡು ತುದಿಯಲ್ಲಿ ಇರುತ್ತದೆ. ದಾರಿಯಲ್ಲಿರುವ ಲಾಂಚಿನವನಿಗೆ ಇದು ದಿಬ್ಬಣ ಅಂತಲೂ ಗೊತ್ತಿರಬೇಕಾಗಿಲ್ಲ.

ತುಂಗಾತೀರ · 10:26

ಇಲ್ಲಿ ಹೋಲಿಕೆ ಮುರಿಯುತ್ತದೆ. ಮೂರನೇ ಬಸ್ಸು ಕಳೆದುಹೋದರೆ ಅದೇ ಜನರನ್ನು ಮತ್ತೆ ಕಳಿಸಲು ಆಗುತ್ತದಾ? ಟಿಸಿಪಿ ಕಳಿಸುವುದು ನಕಲು. ಆ ತುದಿಯಿಂದ "ಸಿಕ್ಕಿತು" ಅಂತ ಉತ್ತರ ಬರುವ ತನಕ ಮೂಲವನ್ನು ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ. ಅದೇ ಮುಖ್ಯ ವಿಷಯ.

ಹೊಳೆಬಾಗಿಲು · 10:28

ನಿಜ. ದಿಬ್ಬಣ ಬಿಡಿ, ಮದುವೆ ಕರೆಯೋಲೆ ಅಂದುಕೊಳ್ಳಿ. ಪಟ್ಟಿ ಮನೆಯಲ್ಲಿ ಇರುತ್ತದೆ, ತಲುಪದವರಿಗೆ ಇನ್ನೊಂದು ಪ್ರತಿ ಹೋಗುತ್ತದೆ.

ಅಡಿಕೆಸಿಂಗಾರ · 10:41

ಪರೀಕ್ಷೆಯಲ್ಲಿ ಏಳು ಪದರ ಅಂತ ಬರೆಸಿದ್ದಾರೆ. ನೀವು ಹೇಳುತ್ತಿರುವುದರಲ್ಲಿ ಏಳು ಲೆಕ್ಕಕ್ಕೆ ಸಿಗುತ್ತಿಲ್ಲ. ಯಾವುದು ಸರಿ?

ತುಂಗಾತೀರ · 10:44

ಏಳು ಬರೀ ಪರೀಕ್ಷೆಗೆ. ನಿಜವಾಗಿ ಓಡುತ್ತಿರುವ ಇಂಟರ್ನೆಟ್ಟಿನಲ್ಲಿ ನಾಲ್ಕು. ಕೆಳಗೆ ಲಿಂಕ್, ಅದರ ಮೇಲೆ ಐಪಿ, ಅದರ ಮೇಲೆ ಟಿಸಿಪಿ ಅಥವಾ ತಲುಪಿತಾ ಅಂತ ನೋಡದೆ ಕಳಿಸುವ ಯುಡಿಪಿ, ತುದಿಯಲ್ಲಿ ನಿಮ್ಮ ಬ್ರೌಸರ್, ಮೇಲ್, ವಾಟ್ಸಾಪ್. ಆ ಏಳು ಪದರದ ಒಎಸ್‌ಐ ಮಾದರಿಯನ್ನು ಇನ್ನೂ ಕಲಿಸುತ್ತಿರುವುದೇ ತಪ್ಪು ಅನ್ನುತ್ತೇನೆ.

ಕಪ್ಪುಹಲಗೆ · 11:02

ಇದನ್ನು ನಾನು ಒಪ್ಪುವುದಿಲ್ಲ. ಒಎಸ್‌ಐ ಮಾದರಿ 1984ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಗಿ ಬಂತು. ಅಷ್ಟು ಹೊತ್ತಿಗೆ ಟಿಸಿಪಿ ಐಪಿ ಕೆಲಸಕ್ಕೆ ಇಳಿದಾಗಿತ್ತು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲೇ ಬರೆದು ಪ್ರಕಟಿಸಿದ್ದರು. 1983ರ ಜನವರಿ 1ರಂದು ಇಂಟರ್ನೆಟ್ಟಿಗೆ ಮುಂಚಿನ ಜಾಲವಾದ ಅರ್ಪಾನೆಟ್ ತನ್ನ ಹಳೆಯ ನಿಯಮ ಎನ್‌ಸಿಪಿಯನ್ನು ಬಿಟ್ಟು ಇದಕ್ಕೆ ಬಂತು. ಇದೆಲ್ಲ ಸರಿ. ಆದರೆ "ಎಲ್2", "ಎಲ್3", "ಎಲ್7" ಅಂತ ಪದರದ ನಂಬರ್ ಹೇಳಿ ಇವತ್ತಿಗೂ ನಿಮ್ಮ ಆಫೀಸಿನಲ್ಲೇ ಮಾತಾಡುತ್ತೀರಲ್ಲ, ಆ ನಂಬರ್ ಎಲ್ಲಿಂದ ಬಂತು? ಒಎಸ್‌ಐನಿಂದ. ಮಾತಾಡುವುದಕ್ಕೆ ಒಂದು ಅಳತೆಪಟ್ಟಿ ಬೇಕು. ಮನೆಯಲ್ಲಿ ಏಳು ಮಹಡಿ ಇರಬೇಕು ಅಂತ ಅದು ಹೇಳುವುದಿಲ್ಲ.

ಸಿಂಗಾರ ಅವರೇ, ಪರೀಕ್ಷೆಯಲ್ಲಿ ಏಳನ್ನೇ ಬರೆಯಿರಿ. ಆದರೆ ಐದು ಮತ್ತು ಆರನೇ ಪದರವನ್ನು ಬೇರೆ ಬೇರೆಯಾಗಿ ಹುಡುಕಬೇಡಿ. ಆ ಕೆಲಸಗಳನ್ನು ಮೇಲಿನ ಆ್ಯಪ್‌ಗಳೇ ಮಾಡಿಕೊಳ್ಳುತ್ತವೆ.

ತುಂಗಾತೀರ · 11:06

ಅಳತೆಪಟ್ಟಿ ಅಂತ ಹೇಳಿಕೊಟ್ಟರೆ ನನ್ನದೇನೂ ತಕರಾರಿಲ್ಲ ಸರ್. ಅದೇ ಇಂಟರ್ನೆಟ್ ಅಂತ ಹೇಳಿಕೊಡುತ್ತಾರೆ, ಹುಡುಗರು ಕೆಲಸಕ್ಕೆ ಬಂದಾಗ ಐದನೇ ಪದರ ಎಲ್ಲಿ ಅಂತ ಹುಡುಕುತ್ತಾರೆ. ನಾನು ದಿನಾ ನೋಡುತ್ತೇನೆ.

ಜಗಲಿಕಟ್ಟೆ · 11:15

ಎಲ್ಲರಿಗೂ ಥ್ಯಾಂಕ್ಸ್, ತುಂಬಾ ವಿಷಯ ಗೊತ್ತಾಯಿತು. ಆದರೆ ಬ್ಯಾಂಕಿನ ಪುಟ ಇನ್ನೂ ತೆರೆದಿಲ್ಲ. ನಾಳೆ ಅಪ್ಪ ಗೊಬ್ಬರದ ಅಂಗಡಿಗೆ ದುಡ್ಡು ಕಳಿಸಬೇಕು.

ಹೊಳೆಬಾಗಿಲು · 11:20

ಕ್ಷಮಿಸಿ, ಮಾತು ಎಲ್ಲೆಲ್ಲೋ ಹೋಯಿತು. ಎರಡು ಪ್ರಶ್ನೆ. ಮನೆಯಲ್ಲಿರುವ ರೂಟರ್ ಯಾರು ಕೊಟ್ಟಿದ್ದು? ಇಂಟರ್ನೆಟ್ ಸೆಟ್ಟಿಂಗಿನಲ್ಲಿ ಪಿಪಿಪಿಒಇ ಅಂತ ಇದೆಯಾ, ಅಂದರೆ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿದ್ದೀರಾ?

ಜಗಲಿಕಟ್ಟೆ · 11:24

ಹೌದು, ಪಿಪಿಪಿಒಇ. ರೂಟರ್ ಭಾವ ಕೊಟ್ಟಿದ್ದು. ಅವರ ಹಳೆಯ ಆಫೀಸಿನಲ್ಲಿ ಇದ್ದದ್ದು. ಮನೆ ದೊಡ್ಡದು, ಕೊಟ್ಟಿಗೆ ತನಕ ಸಿಗ್ನಲ್ ಬೇಕು ಅಂತ ಇದನ್ನು ಹಾಕಿದೆವು. ಗೋಡೆಯ ಡಬ್ಬ ಬರೀ ಬ್ರಿಡ್ಜ್ ಮೋಡ್‌ನಲ್ಲಿದೆ, ಬಂದದ್ದನ್ನು ರೂಟರ್‌ಗೆ ದಾಟಿಸುತ್ತದೆ ಅಷ್ಟೇ.

ಹೊಳೆಬಾಗಿಲು · 11:38

ಹಾಗಿದ್ದರೆ ನನ್ನ ಅನುಮಾನ ಗಟ್ಟಿಯಾಯಿತು. ಮತ್ತೆ ಲಾಂಚಿಗೇ ಬರುತ್ತೇನೆ.

ಈಥರ್ನೆಟ್ಟಿನಲ್ಲಿ ಒಂದು ಸಲಕ್ಕೆ ಹೊರುವ ಭಾರ ಸಾಮಾನ್ಯವಾಗಿ 1500 ಬೈಟ್. ಇದಕ್ಕೆ ಎಂಟಿಯು ಅನ್ನುತ್ತಾರೆ. ಪಿಪಿಪಿಒಇ ಅದರೊಳಗೆ ತನ್ನದೇ 8 ಬೈಟ್ ಹೊದಿಕೆ ಸೇರಿಸುತ್ತದೆ. ಹಾಗಾಗಿ ನಿಮ್ಮ ಪ್ಯಾಕೆಟ್ಟಿಗೆ ಉಳಿಯುವುದು 1492. ರಸ್ತೆಯ ಮೇಲೆ ಆರಾಮಾಗಿ ಬಂದ ಬಸ್ಸು ಲಾಂಚಿನ ಬಾಗಿಲಲ್ಲಿ ಎಂಟು ಅಂಗುಲ ಎತ್ತರ ಜಾಸ್ತಿ ಆಗಿ ನಿಂತ ಹಾಗೆ.

ಆಗ ಎರಡು ದಾರಿ ಇದೆ. ಒಂದು, ಒಡೆದು ಕಳಿಸುವುದು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬಸ್ಸನ್ನು ಲಾಂಚಿಗೆ ಹತ್ತಿಸುತ್ತಿರಲಿಲ್ಲ, ಜನ ಮಾತ್ರ ದಾಟಿ ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿಯುತ್ತಿದ್ದೆವಲ್ಲ, ಹಾಗೆ. ಆದರೆ ಈಗಿನ ಸರ್ವರ್‌ಗಳು "ಇದನ್ನು ಒಡೆಯಬೇಡಿ" ಅಂತ ಗುರುತು ಹಾಕಿಯೇ ಕಳಿಸುತ್ತವೆ. ಆಗ ಎರಡನೇ ದಾರಿ. ಲಾಂಚಿನವನು ಪ್ಯಾಕೆಟ್ಟನ್ನು ಬಿಟ್ಟು, ಹೊರಟ ಊರಿಗೆ ಒಂದು ಚೀಟಿ ಕಳಿಸುತ್ತಾನೆ: "ನಿಮ್ಮ ಬಸ್ಸು ದೊಡ್ಡದಾಯಿತು, 1492ರೊಳಗೆ ಕಳಿಸಿ." ಈ ಚೀಟಿ ಹೋಗುವುದು ಐಸಿಎಂಪಿ ಅನ್ನುವ ಪ್ರೋಟೋಕಾಲ್‌ನಲ್ಲಿ, ಅಂದರೆ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಒಂದು ನಿಯಮದಲ್ಲಿ. ಈ ಪದ್ಧತಿ 1990ರಿಂದಲೂ ಇದೆ.

ಈಗ ತೊಂದರೆ ಕೇಳಿ. ಕೆಲವು ಕಡೆ ಫೈರ್‌ವಾಲ್ ಕಾಯುವವರು ಐಸಿಎಂಪಿ ಅಂದರೆ ಅಪಾಯ ಅಂತ ಎಲ್ಲವನ್ನೂ ಬಾಗಿಲಲ್ಲೇ ತಡೆದುಬಿಟ್ಟಿದ್ದಾರೆ. ಚೀಟಿ ಸರ್ವರ್‌ಗೆ ತಲುಪುವುದೇ ಇಲ್ಲ. ಅದು ಪಾಪ ಅದೇ ದೊಡ್ಡ ಬಸ್ಸನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ನಿಮ್ಮ ಕಡೆ ಚಕ್ರ ತಿರುಗುತ್ತದೆ. ಪಿಂಗ್ ಚಿಕ್ಕದು, ದಾಟುತ್ತದೆ. ಡಿಎನ್‌ಎಸ್ ಚಿಕ್ಕದು, ದಾಟುತ್ತದೆ. ಬ್ಯಾಂಕಿನ ಸರ್ವರ್ ತಾನು ಯಾರು ಅಂತ ತೋರಿಸುವ ಸರ್ಟಿಫಿಕೇಟ್ ಕಳಿಸಲು ಹೊರಟಾಗ ಮೊದಲ ಸಲ ತುಂಬಿದ ಬಸ್ಸು ಬರುತ್ತದೆ, ಅಲ್ಲಿಗೆ ಎಲ್ಲವೂ ನಿಲ್ಲುತ್ತದೆ.

ಪರೀಕ್ಷೆ ಮಾಡೋಣ. ಒಡೆಯಬೇಡ ಅನ್ನುವ ಗುರುತು ಹಾಕಿ ಪಿಂಗ್ ಕಳಿಸಿ. ವಿಂಡೋಸ್‌ನಲ್ಲಿ ಪಿಂಗ್ ಆದ ಮೇಲೆ ಮೈನಸ್ ಎಫ್, ಆಮೇಲೆ ಮೈನಸ್ ಎಲ್ ಹಾಕಿ ಅಳತೆ ಕೊಡಬೇಕು. 1472 ಕೊಟ್ಟು ನೋಡಿ, ಆಮೇಲೆ 1464. ಪಿಂಗಿನ ಸ್ವಂತ ಹೊದಿಕೆ 28 ಬೈಟ್, ಅದನ್ನು ಸೇರಿಸಿದರೆ 1500 ಮತ್ತು 1492 ಆಗುತ್ತದೆ.

ಜಗಲಿಕಟ್ಟೆ · 11:47

1472 ಕೊಟ್ಟರೆ "ಒಡೆಯಬೇಕು, ಆದರೆ ಒಡೆಯಬೇಡ ಅಂತ ಗುರುತು ಇದೆ" ಅನ್ನುವ ಅರ್ಥದ ಸಾಲು ಬರುತ್ತಿದೆ. 1464 ಸಲೀಸಾಗಿ ಹೋಯಿತು. 1465 ಹೋಗಲಿಲ್ಲ! ಒಂದೇ ಒಂದು ಬೈಟ್!

ಕಂಬಹತ್ತುವವ · 11:49

ಹದಿಮೂರು ವರ್ಷದಿಂದ ಫೈಬರ್ ಜೋಡಿಸುತ್ತಿದ್ದೇನೆ, ಇದನ್ನು ಇವತ್ತು ಕಲಿತೆ ಅಕ್ಕ.

ಭದ್ರಾದಂಡೆ · 11:52

ಹಾಗಾದರೆ ಯೂಟ್ಯೂಬ್ ಹೇಗೆ ಓಡುತ್ತದೆ? ಅದು ದೊಡ್ಡದಲ್ಲವಾ? ವಿಡಿಯೋಗಿಂತ ಬ್ಯಾಂಕಿನ ಪುಟ ದೊಡ್ಡದಾ?

ಹೊಳೆಬಾಗಿಲು · ಮಂಗಳವಾರ ಬೆಳಿಗ್ಗೆ 6:55

ಒಳ್ಳೆಯ ಪ್ರಶ್ನೆ. ಯೂಟ್ಯೂಬ್ ಜಾಸ್ತಿ ಬಳಸುವುದು ಕ್ವಿಕ್ ಅನ್ನುವ ಹೊಸ ಪ್ರೋಟೋಕಾಲ್. 2021ರಲ್ಲಿ ಮಾನದಂಡ ಆಯಿತು. ಅದು ಟಿಸಿಪಿಯನ್ನು ಬಿಟ್ಟು ಯುಡಿಪಿ ಮೇಲೆ ಓಡುತ್ತದೆ. ಕಳೆದುಹೋದದ್ದನ್ನು ಮತ್ತೆ ಕಳಿಸುವ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ದಾರಿಯಲ್ಲಿ 1200 ಬೈಟ್ ಹೋದರೆ ಸಾಕು ಅಂತ ಶುರು ಮಾಡುತ್ತದೆ, ಜಾಸ್ತಿ ಬೇಕಿದ್ದರೆ ತಾನೇ ಮೆಲ್ಲಗೆ ಪರೀಕ್ಷೆ ಮಾಡಿ ಏರಿಸುತ್ತದೆ. ಯಾರ ಚೀಟಿಗೂ ಕಾಯುವುದಿಲ್ಲ. ಒಟ್ಟು ಸಾಮಾನು ಎಷ್ಟು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಒಂದೊಂದು ಬಸ್ಸಿನ ಎತ್ತರ ಎಷ್ಟು ಅನ್ನುವುದು ಲೆಕ್ಕ.

ತುಂಗಾತೀರ · 7:20

ಪರಿಹಾರವನ್ನೂ ಹೇಳಿಬಿಡುತ್ತೇನೆ. ಭಾವನ ರೂಟರ್‌ನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಅಂತ ಒಂದು ಆಯ್ಕೆ ಇರಬೇಕು, ಅದು ಆಫ್ ಆಗಿರುತ್ತದೆ. ಅವರ ಆಫೀಸಿನಲ್ಲಿ ಪಿಪಿಪಿಒಇ ಇಲ್ಲದೆ ನೇರ ಲೈನ್ ಇದ್ದಿರಬೇಕು, ಬೇಕಾಗಿರಲಿಲ್ಲ. ಅದನ್ನು ಆನ್ ಮಾಡಿ. ಟಿಸಿಪಿ ಮಾತು ಶುರು ಮಾಡುವಾಗ ಎರಡೂ ಕಡೆಯವರು "ನನಗೆ ಒಂದು ಸಲಕ್ಕೆ ಇಷ್ಟು ಕಳಿಸಿ" ಅಂತ ಹೇಳಿಕೊಳ್ಳುತ್ತಾರೆ. ನಿಮ್ಮ ಲ್ಯಾಪ್‌ಟಾಪ್ 1460 ಅನ್ನುತ್ತದೆ. ರೂಟರ್ ಮಧ್ಯದಲ್ಲಿ ಅದನ್ನು ತಿದ್ದಿ 1452 ಮಾಡಿ ಕಳಿಸುತ್ತದೆ. ಆಮೇಲೆ ಬ್ಯಾಂಕಿನ ಸರ್ವರ್ ಮೊದಲಿನಿಂದಲೇ ಚಿಕ್ಕ ಬಸ್ಸು ಕಳಿಸುತ್ತದೆ. ಚೀಟಿಯ ಅಗತ್ಯವೇ ಬರುವುದಿಲ್ಲ.

ಕಪ್ಪುಹಲಗೆ · 7:45

ಇಲ್ಲಿ ಒಂದು ಮಾತು ಹೇಳಲೇಬೇಕು. ತುಂಗಾತೀರ ಅವರು ಹೇಳಿದ ಪರಿಹಾರ ಕೆಲಸ ಮಾಡುತ್ತದೆ, ಸಂಶಯ ಇಲ್ಲ. ಆದರೆ ಅದು ಪದರಗಳ ನಿಯಮವನ್ನು ಮುರಿಯುತ್ತದೆ. ರೂಟರ್ ಕೆಲಸ ಬೋರ್ಡು ಓದಿ ದಾರಿ ತೋರಿಸುವುದು. ಬಸ್ಸಿನೊಳಗೆ ಕೈ ಹಾಕಿ, ಎರಡು ತುದಿಯವರು ತಮ್ಮೊಳಗೆ ಆಡಿಕೊಂಡ ಮಾತನ್ನು ತಿದ್ದುವುದು ಅದರ ಕೆಲಸ ಅಲ್ಲ. 1980ರ ದಶಕದಲ್ಲಿ ಸಾಲ್ಟ್ಜರ್, ರೀಡ್, ಕ್ಲಾರ್ಕ್ ಅನ್ನುವ ಮೂವರು ಕಂಪ್ಯೂಟರ್ ವಿಜ್ಞಾನಿಗಳು ಸೇರಿ ವಾದಿಸಿದ್ದೇ ಇದನ್ನು. ತುದಿಯವರೇ ಸರಿಯಾಗಿ ಮಾಡಬಲ್ಲ ಕೆಲಸವನ್ನು ತುದಿಯಲ್ಲೇ ಇಡಿ, ನಡುವಿನ ಜಾಲವನ್ನು ಸರಳವಾಗಿ ಬಿಡಿ ಅಂತ.

ತುಂಗಾತೀರ · 7:58

ಸರ್, ಪುಸ್ತಕದ ಪ್ರಕಾರ ನೀವು ಸರಿ. ಆದರೆ ಆ ಬ್ಯಾಂಕಿನ ಫೈರ್‌ವಾಲ್ ನಮ್ಮ ಕೈಯಲ್ಲಿಲ್ಲ. ನಾವು ಮುಟ್ಟಲು ಆಗುವುದು ಈ ರೂಟರ್ ಒಂದೇ. ನಿಯಮ ಮೊದಲು ಮುರಿದವರು ಚೀಟಿ ತಡೆದವರು. ಅಷ್ಟಕ್ಕೂ ಮನೆಯ ರೂಟರ್ ಪ್ರತಿ ದಿನ ಎನ್‌ಎಟಿ ಮಾಡುವಾಗ, ಅಂದರೆ ಮನೆಯವರೆಲ್ಲರ ಪ್ಯಾಕೆಟ್ಟಿಗೂ ಒಂದೇ ಹೊರಗಿನ ವಿಳಾಸ ಹಾಕುವಾಗ, ಟಿಸಿಪಿ ಪೋರ್ಟ್ ನಂಬರನ್ನು ತಿದ್ದುತ್ತಲೇ ಇರುತ್ತದೆ. ಅದೂ ಒಳಗೆ ಕೈ ಹಾಕುವುದೇ ತಾನೇ?

ಕಪ್ಪುಹಲಗೆ · 8:10

ಎನ್‌ಎಟಿಯನ್ನೂ ನಾನು ಒಪ್ಪಿಕೊಂಡವನಲ್ಲ. ಐಪಿ ವಿಳಾಸ 32 ಬಿಟ್ ಅಂತ ಇಟ್ಟು, ಸುಮಾರು 430 ಕೋಟಿ ವಿಳಾಸ ಸಾಲದೆ ಹೋಯಿತು ಅಂತ ಮಾಡಿಕೊಂಡ ಏರ್ಪಾಡು ಅದು. ತಿದ್ದುವವರು ಜಾಸ್ತಿ ಆದರೆ ಹೊಸದು ಯಾವುದೂ ದಾರಿಯಲ್ಲಿ ಹೋಗಲು ಆಗುವುದಿಲ್ಲ. ನಡುವಿನ ಪೆಟ್ಟಿಗೆಗಳೆಲ್ಲ ಹಳೆಯ ಟಿಸಿಪಿ ಒಂದನ್ನೇ ಗುರುತು ಹಿಡಿಯುತ್ತವೆ. ಕ್ವಿಕ್ ಮಾಡಿದವರು ತಮ್ಮ ಲೆಕ್ಕದ ಅಂಕಿಗಳನ್ನೂ ಗೂಢಲಿಪಿಯಲ್ಲಿ ಮುಚ್ಚಿದ್ದು ಯಾಕೆ? ನಡುವಿನವರು ಕೈ ಹಾಕಬಾರದು ಅಂತ. ಅಂದರೆ ಹಳೆಯ ನಿಯಮವನ್ನು ಈಗ ಬೀಗ ಹಾಕಿ ಕಾಪಾಡಬೇಕಾಗಿದೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಹೊಳೆಬಾಗಿಲು · 8:16

ಮೇಷ್ಟ್ರ ಬೇಸರ ನನಗೆ ಅರ್ಥ ಆಗುತ್ತದೆ. ಆದರೆ ಜಗಲಿಕಟ್ಟೆ ಅವರು ಇವತ್ತು ಗೊಬ್ಬರದ ದುಡ್ಡು ಕಟ್ಟಬೇಕು. ಆನ್ ಮಾಡಲಿ.

ಕಪ್ಪುಹಲಗೆ · 8:17

ಮಾಡಲಿ, ಖಂಡಿತ ಮಾಡಲಿ.

ಅಡಿಕೆಸಿಂಗಾರ · 9:05

ನಡುವೆ ಒಂದು ಪ್ರಶ್ನೆ. ಐಪಿ ಕೆಳಗೆ ಏನು ಬೇಕಾದರೂ ಇರಬಹುದು ಅಂದಿರಿ. ನಿಜವಾಗಿಯೂ ಏನು ಬೇಕಾದರೂ?

ತುಂಗಾತೀರ · 9:12

ಪಾರಿವಾಳ ಕೂಡ. 1990ರ ಏಪ್ರಿಲ್ 1ರಂದು ತಮಾಷೆಗೆ ಅಂತ ಪಾರಿವಾಳದ ಮೇಲೆ ಐಪಿ ಕಳಿಸುವ ಬಗೆಯನ್ನು ಬರೆದಿಟ್ಟಿದ್ದರು. 2001ರ ಏಪ್ರಿಲ್‌ನಲ್ಲಿ ನಾರ್ವೆಯ ಬರ್ಗನ್ ಊರಿನವರು ಅದನ್ನು ಮಾಡಿಯೇ ತೋರಿಸಿದರು. 9 ಪಿಂಗ್ ಕಳಿಸಿದರು, 4ಕ್ಕೆ ಉತ್ತರ ಬಂತು. ಬೇಗ ಬಂದ ಉತ್ತರಕ್ಕೆ ಐವತ್ತು ನಿಮಿಷದ ಮೇಲೆ ಹಿಡಿಯಿತು. ಆದರೂ ಅದು ಪಿಂಗ್‌ ಆಗಿಯೇ ಬಂತು, ಕಂಪ್ಯೂಟರ್ ಅದನ್ನು ಒಪ್ಪಿಕೊಂಡಿತು. ಪದರಗಳ ಶಕ್ತಿ ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಮಳೆಹುಳ · 9:15

ಆಗುಂಬೆ ಮಳೆಯಲ್ಲಿ ಪಾರಿವಾಳ ಹಾರುವುದಿಲ್ಲ ಮಾರಾಯ್ರೆ 🙏

ಕೊಟ್ಟಿಗೆಮನೆ · 9:30

ನಂದೂ ಒಂದು ಇದೆ, ವಿಷಯ ಸ್ವಲ್ಪ ಬೇರೆ. ತೋಟಕ್ಕೆ ಕ್ಯಾಮೆರಾ ಹಾಕಿಸಿದ್ದೇನೆ. ಬೆಂಗಳೂರಿನಲ್ಲಿರುವ ಮಗಳಿಗೆ ನೇರ ನಂಬರ್ ಹಾಕಿ ನೋಡಲು ಆಗುತ್ತಿಲ್ಲ. ರೂಟರ್‌ನಲ್ಲಿ ನನ್ನ ವಿಳಾಸ 100.72 ಅಂತ ಶುರು ಆಗುತ್ತದೆ.

ತುಂಗಾತೀರ · 9:36

100.64ರಿಂದ 100.127ರ ತನಕ ಇರುವುದು ಕಂಪನಿಗಳು ಒಳಗೊಳಗೆ ಬಳಸಲು ಮೀಸಲಿಟ್ಟ ವಿಳಾಸ. ನಿಮ್ಮ ಹಾಗೇ ತುಂಬಾ ಮನೆಗಳು ಒಂದೇ ಹೊರಗಿನ ವಿಳಾಸದ ಹಿಂದೆ ಇವೆ. ಹೊರಗಿನಿಂದ ನೇರವಾಗಿ ನಿಮ್ಮ ಮನೆ ಬಾಗಿಲು ತಟ್ಟಲು ಆಗುವುದಿಲ್ಲ. ಐಪಿಯ ಹೊಸ ಆವೃತ್ತಿ ಐಪಿವಿ6 ಕೊಡುತ್ತಾರಾ ಕೇಳಿ, ಅದರಲ್ಲಿ ಪ್ರತಿ ಮನೆಗೂ ಸ್ವಂತ ವಿಳಾಸ ಕೊಡುವಷ್ಟು ಜಾಗ ಇದೆ. ಹಾಗೆ ತೆರೆದರೆ ಕ್ಯಾಮೆರಾಕ್ಕೆ ಗಟ್ಟಿ ಪಾಸ್‌ವರ್ಡ್ ಹಾಕುವುದನ್ನು ಮಾತ್ರ ಮರೆಯಬೇಡಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರುತ್ತೇನೆ.

ಭದ್ರಾದಂಡೆ · 10:02

ಸಂಜೆ ಏಳರ ಮೇಲೆ ಎಲ್ಲರ ಮನೆಯಲ್ಲೂ ನಿಧಾನ ಆಗುವುದಕ್ಕೂ ಈ ಬಸ್ಸಿನ ಎತ್ತರಕ್ಕೂ ಸಂಬಂಧ ಇದೆಯಾ? ಇಲ್ಲ ತಾನೇ?

ಕಪ್ಪುಹಲಗೆ · 10:25

ಇಲ್ಲ, ಅದು ದಟ್ಟಣೆ. ಸಾಗರದ ಮಾರಿಕಾಂಬಾ ಜಾತ್ರೆಯ ದಿನ ರಸ್ತೆ ಹೇಗಿರುತ್ತದೆ ನೆನಪಿಸಿಕೊಳ್ಳಿ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅರ್ಧ ಕಿಲೋಮೀಟರ್ ಕೂಡ ದೂರ ಇಲ್ಲದ ಎರಡು ಜಾಗಗಳ ನಡುವೆ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ತಂತಿ ಕಡಿದಿರಲಿಲ್ಲ. ಕಳೆದುಹೋಯಿತು ಅಂತ ಪ್ರತಿ ಕಂಪ್ಯೂಟರೂ ಮತ್ತೆ ಮತ್ತೆ ಕಳಿಸಿ, ಅದರಿಂದಲೇ ದಾರಿ ಇನ್ನೂ ತುಂಬಿತು. ವ್ಯಾನ್ ಜೇಕಬ್ಸನ್ ಅವರು 1988ರಲ್ಲಿ ಇದಕ್ಕೆ ಉಪಾಯ ಬರೆದರು. ಕಳೆದುಹೋದರೆ ದಾರಿ ತುಂಬಿದೆ ಅಂತ ತಿಳಿದು ನೀನೇ ನಿಧಾನ ಮಾಡು, ಆಮೇಲೆ ಮೆಲ್ಲಗೆ ಏರಿಸು. ಯಾವ ರಸ್ತೆಯನ್ನೂ ಅಗಲ ಮಾಡಲಿಲ್ಲ. ತುದಿಯಲ್ಲಿರುವ ಟಿಸಿಪಿಯನ್ನು ತಿದ್ದಿದರು, ಜಾಲ ಉಳಿಯಿತು.

ತುದಿಯಲ್ಲಿ ಬುದ್ಧಿ ಇಡಿ ಅಂತ ನಾನು ಬೆಳಿಗ್ಗೆಯಿಂದ ಹೇಳುತ್ತಿರುವುದು ಇದಕ್ಕೇ.

ತುಂಗಾತೀರ · 10:31

ಈ ಒಂದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ ಸರ್.

ಜಗಲಿಕಟ್ಟೆ · ಮಧ್ಯಾಹ್ನ 1:18

ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ, ಈಗ ಬಂತು. ಭಾವನಿಗೆ ಫೋನ್ ಮಾಡಿ ಪಾಸ್‌ವರ್ಡ್ ತೆಗೆದುಕೊಂಡೆ. ಫೈರ್‌ವಾಲ್ ಪುಟದ ಕೆಳಗೆ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಅಂತ ಇತ್ತು, ಗುರುತು ಹಾಕಿರಲಿಲ್ಲ. ಹಾಕಿದೆ, ಸೇವ್ ಮಾಡಿದೆ. ಬ್ಯಾಂಕಿನ ಪುಟ ಒತ್ತಿದ ತಕ್ಷಣ ತೆರೆಯಿತು. ಆಫೀಸಿನದ್ದೂ ತೆರೆಯಿತು. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ದುಡ್ಡು ಹೋಯಿತು.

ಅಪ್ಪನಿಗೆ ಲಾಂಚಿನ ಕಥೆ ಹೇಳಿದೆ. ಮದುವೆಗೆ ಮುಂಚೆ ಅವರು ಆ ದಾರಿಯಲ್ಲಿ ತುಂಬಾ ಓಡಾಡಿದವರು. "ಲಾಂಚಿನವನು ಬೇಡ ಅಂದಿದ್ದು ಹೊರಟ ಊರಿಗೆ ಗೊತ್ತಾಗಲೇ ಇಲ್ಲವಾ ಹಾಗಾದರೆ?" ಅಂತ ಕೇಳಿದರು. ಒಂದೇ ಸಲಕ್ಕೆ ಹಿಡಿದುಬಿಟ್ಟರು!

ಹೊಳೆಬಾಗಿಲು ಅಕ್ಕ, ತುಂಗಾತೀರ ಅವರೇ, ಮೇಷ್ಟ್ರೇ, ಕಂಬಹತ್ತುವವ ಅಣ್ಣ, ನಿಮಗೆಲ್ಲ ನಮ್ಮ ಮನೆಯ ಕಡೆಯಿಂದ ದೊಡ್ಡ ನಮಸ್ಕಾರ.

ಹೊಳೆಬಾಗಿಲು · 1:40

ಖುಷಿ ಆಯಿತು. ಒಂದು ಕೆಲಸ ಬಾಕಿ ಇದೆ. ಆ ಬ್ಯಾಂಕಿನ ಸಹಾಯ ವಿಭಾಗಕ್ಕೆ ಒಂದು ಮೇಲ್ ಬರೆಯಿರಿ. "ನಿಮ್ಮ ಕಡೆ ಐಸಿಎಂಪಿಯ ಟೈಪ್ 3 ಕೋಡ್ 4 ತಡೆದಿರುವ ಹಾಗಿದೆ, ಅದನ್ನು ಬಿಡಿ" ಅಂತ ಅದೇ ಮಾತಿನಲ್ಲಿ ಬರೆಯಿರಿ. ನಾನು ಹೇಳಿದ ಚೀಟಿಯ ನಂಬರ್ ಅದು, ಅಲ್ಲಿನ ನೆಟ್‌ವರ್ಕಿನವರಿಗೆ ಅರ್ಥ ಆಗುತ್ತದೆ. ನಡುವಿನವರು ಕೈ ಹಾಕಬಾರದು ಅನ್ನುವ ಮೇಷ್ಟ್ರ ಮಾತು ನನ್ನ ತಲೆಯಿಂದ ಹೋಗಿಲ್ಲ.

ಕೊಟ್ಟಿಗೆಮನೆ · 4:05

ನಮ್ಮ ಮನೆಯಲ್ಲೂ ಪಹಣಿ ತೆಗೆಯುವ ಪುಟ ಇದೇ ತರಹ ನಿಲ್ಲುತ್ತಿತ್ತು, ಆ ಕಡೆಯ ಸರ್ವರ್ ಬ್ಯುಸಿ ಅಂತ ಬಿಟ್ಟಿದ್ದೆ. ಈಗ ಮಗನ ಕೈಯಲ್ಲಿ ಪಿಂಗ್ ಮಾಡಿಸಿದೆ. 1464 ಹೋಯಿತು. 1465 ಹೋಗಲಿಲ್ಲ.

ಕಂಬಹತ್ತುವವ · 4:09

ನೀವು ಯಾವ ಊರು? ನಾಡಿದ್ದು ಕೋಣಂದೂರು ಕಡೆ ಬರುವುದಿದೆ. ರೂಟರ್ ಪಾಸ್‌ವರ್ಡ್ ಹುಡುಕಿ ಇಟ್ಟಿರಿ.